ಜನ ಹಾಡುವ ಸಾಲು

ಒಂದು ವಾರದಿಂದ ಅವಳು ಗಂಡನಿಗೆ ಪಾಠ ಹೇಳಿಕೊಡುತ್ತಿದ್ದಳು. ಪಾಠವೆಂದರೆ ಮೂರೇ ಮೂರು ಮಾತು. ನಾನು ಇಂಥವನು, ಹಲಗೆಯ ಮೇಲೆ ನಿಮ್ಮ ಜೊತೆಗಿದ್ದವನು ಎನ್ನುವುದು ಮೊದಲನೆಯದು. ಆ ಹಾಡನ್ನು ನಾವಿಬ್ಬರೂ ಕೂಡಿ ಕಟ್ಟಿದ್ದು, ನೆನಪಿದೆಯಲ್ಲ ಎನ್ನುವುದು ಎರಡನೆಯದು. ದುಡ್ಡುಕಾಸು ಏನೂ ಬೇಡ, ಮುಂದೆ ಎಲ್ಲಾದರೂ ಹಾಡುವಾಗ ಇದರಲ್ಲಿ ಅರ್ಧ ನನ್ನ ಜೊತೆಗಾರನದು ಅಂತ ಒಂದು ಮಾತು ಹೇಳಿಬಿಡಿ ಎನ್ನುವುದು ಕೊನೆಯದು. ಇಷ್ಟನ್ನು ಎರಡನೇ ಕ್ಲಾಸಿನ ಮಗು ಕೂಡ ತಪ್ಪಿಲ್ಲದೆ ಒಪ್ಪಿಸುತ್ತದೆ. ಇವನಿಗೋ, ಊಟಕ್ಕೆ ಕೂತಾಗ ಹೇಳಿಸಿದರೆ ಮೊದಲನೇ ಮಾತಿಗೆ ನಗು ಬರುತ್ತಿತ್ತು, ಎರಡನೆಯದಕ್ಕೆ ಇನ್ನಷ್ಟು ಸಾರು ಬೇಕಾಗುತ್ತಿತ್ತು, ಮೂರನೆಯದು ಬರುವಷ್ಟರಲ್ಲಿ "ಆಯ್ತು ಬಿಡೇ, ಹೇಳ್ತೀನಿ" ಎಂದು ಕೈ ತೊಳೆಯಲು ಎದ್ದುಬಿಡುತ್ತಿದ್ದ. ಕೋಣನ ಮುಂದೆ ಕಿನ್ನರಿ ಬಾರಿಸಬಾರದು ಎನ್ನುತ್ತಾರೆ, ಸರಿ. ಕೋಣನಿಗೇ ಸಂಗೀತ ಬರುತ್ತಿದ್ದರೆ ಏನು ಮಾಡಬೇಕೆಂದು ಮಾತ್ರ ಯಾವ ಹಿರಿಯರೂ ಹೇಳಿಟ್ಟು ಹೋಗಿಲ್ಲ.

ಗಂಡ ಪೇಂಟರ್. ಚಿತ್ರ ಬರೆಯುವವನಲ್ಲ, ಗೋಡೆಗೆ ಬಣ್ಣ ಹೊಡೆಯುವವನು. ಮದುವೆಗೆ ಮುಂಚೆ ದೊಡ್ಡ ದೊಡ್ಡ ಕಟ್ಟಡಗಳ ಹೊರಗೋಡೆಯ ಕೆಲಸಕ್ಕೆ ಹೋಗುತ್ತಿದ್ದ. ಮೇಲಿನಿಂದ ಹಗ್ಗದಲ್ಲಿ ಇಳಿಬಿಟ್ಟ ಹಲಗೆಯ ಮೇಲೆ ಇಬ್ಬರು ಕೂರಬೇಕು. ಇವನು ಎಡಚನಾದ್ದರಿಂದ ಎಡತುದಿಗೆ, ಬಲಗೈಯವನೊಬ್ಬ ಬಲತುದಿಗೆ. ಹಾಗೆ ಕೂತರೆ ಒಬ್ಬರ ಮೊಣಕೈ ಒಬ್ಬರಿಗೆ ತಾಗುವುದಿಲ್ಲ. ಇಬ್ಬರೂ ತಮ್ಮ ತಮ್ಮ ತುದಿಯಿಂದ ಬಣ್ಣ ಎಳೆಯುತ್ತ ಬಂದು ನಡುವೆ ಕೂಡಬೇಕು, ಅದೂ ಬಣ್ಣ ಹಸಿಯಾಗಿರುವಾಗಲೇ. ಒಬ್ಬ ಮುಂದಾಗಿ ಇನ್ನೊಬ್ಬ ಹಿಂದೆ ಉಳಿದರೆ ಅಂಚು ಒಣಗಿ ಗೋಡೆಯ ನಡುವೆ ಗೆರೆ ಬೀಳುತ್ತದೆ, ಗೆರೆ ಬಿದ್ದರೆ ಮೇಸ್ತ್ರಿಯ ಬಾಯಿಗೆ ಇವರು ಬೀಳಬೇಕಾಗುತ್ತದೆ. ಅದಕ್ಕೇ ಇವರಿಬ್ಬರು ಹಾಡು ಹಿಡಿದಿದ್ದರು. ಒಬ್ಬ ಹಾಡಿನ ಸಾಲು ಎಳೆಯುವಾಗ ಇನ್ನೊಬ್ಬ ಬ್ರಷ್ಷು ಅದ್ದಿಕೊಳ್ಳಬೇಕು, ಆ ಇನ್ನೊಬ್ಬ ಉತ್ತರ ಕೊಡುವಾಗ ಮೊದಲಿನವನು ಅದ್ದಬೇಕು. ಕೈ ತಾನಾಗಿ ಸಮ ಬರುತ್ತಿತ್ತು.

ಬಲತುದಿಯಲ್ಲಿ ಕೂರುತ್ತಿದ್ದವನು ಬಡಕಲು ಹುಡುಗ, ಎಲ್ಲರೂ ಅವನನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. "ಯಾರ ಮನೆಯೋ, ಯಾರ ಗೋಡೆಯೋ" ಎಂದು ಕಡ್ಡಿ ಕೇಳುತ್ತಿದ್ದ. "ಬಣ್ಣ ಮಾತ್ರ ನಮ್ಮದೋ" ಎಂದು ಇವನು ಹೇಳುತ್ತಿದ್ದ. "ಯಾರು ಬಂದು ಇರುವರೋ" ಎಂದು ಅವನು, "ಬಂದವರು ಬಾಳಲೋ" ಎಂದು ಇವನು. ಕಡ್ಡಿಯದು ಯಾವಾಗಲೂ ಪ್ರಶ್ನೆ, ಇವನದು ಯಾವಾಗಲೂ ಉತ್ತರ. ಹೀಗೆ ಕಟ್ಟಡದಿಂದ ಕಟ್ಟಡಕ್ಕೆ ಹಾಡು ಬೆಳೆಯಿತು. ಒಂದು ದಿನ ಕಡ್ಡಿ ಕೆಲಸಕ್ಕೆ ಬರಲಿಲ್ಲ, ಆಮೇಲೂ ಬರಲಿಲ್ಲ. ಅದಾದ ಮೇಲೆ ಹಾಡು ರೇಡಿಯೋದಲ್ಲಿ ಬಂತು. ಪ್ರಶ್ನೆಯೂ ಕಡ್ಡಿಯ ದನಿ, ಉತ್ತರವೂ ಕಡ್ಡಿಯ ದನಿ. ತಾನೇ ಬರೆದು ತಾನೇ ರಾಗ ಹಾಕಿ ತಾನೇ ಹಾಡುವ ಗಾಯಕ ಎಂದು ಹೊಗಳಿದರು. ಅಲ್ಲಿಂದಾಚೆಗೆ ಆ ಮನುಷ್ಯ ಹಿಂದಿರುಗಿ ನೋಡಲಿಲ್ಲ.

ಮದುವೆಯಾದ ಹೊಸದರಲ್ಲಿ ರೇಡಿಯೋದಲ್ಲಿ ಹಾಡು ಬಂದಾಗ ಗಂಡ ಇದನ್ನೆಲ್ಲ ಹೇಳಿದ. ಅವಳು ನಂಬಿದಳು. ಹೊಸ ಮದುವೆಯಲ್ಲಿ ಚಂದ್ರನನ್ನು ನೇತುಹಾಕಿದ್ದು ನಾನೇ ಎಂದು ಗಂಡ ಹೇಳಿದರೂ ಹೆಂಡತಿ ನಂಬುತ್ತಾಳೆ, ಅದೇನು ದೊಡ್ಡದಲ್ಲ. ಅವಳು ಮಾಡಿದ ತಪ್ಪೆಂದರೆ ಅದನ್ನು ನಾಲ್ಕು ಜನರ ಮುಂದೆ ಹೇಳಿದ್ದು. ಹೇಳದೆ ಇರುವುದಾದರೂ ಹೇಗೆ? ಅವಳು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೂರುವವಳು, ದಿನವಿಡೀ ಜನ, ಮೂಲೆಯಲ್ಲಿ ರೇಡಿಯೋ. ಹಾಡು ಬಂದಾಗಲೆಲ್ಲ ಬಾಯಿ ತಡೆಯುತ್ತಿರಲಿಲ್ಲ. ಜನ ಮಾತ್ರೆ ತೆಗೆದುಕೊಂಡು "ಹೌದಾ" ಎಂದು ಹೋಗುತ್ತಿದ್ದರು. ಆ ಹೌದಾಗಳ ಬಣ್ಣ ಅವಳಿಗೆ ಬರಬರುತ್ತ ಗೊತ್ತಾಯಿತು.

ಹೊರಗಿನವರಾದರೂ ವಾಸಿ. ಅವಳ ಸ್ವಂತ ತಮ್ಮನಿದ್ದನಲ್ಲ, ಅವನಿಗೆ ಇದು ಮನೆಮಂದಿ ಸೇರಿದಾಗಲೆಲ್ಲ ಉಪ್ಪಿನಕಾಯಿಯ ಹಾಗೆ, ಇಲ್ಲದಿದ್ದರೆ ಊಟ ಸೇರದು. ನಮ್ಮ ಬಾವ ಹಾಡು ಬರೆದದ್ದೇನು ಮಹಾ, ಕಾಮನಬಿಲ್ಲಿಗೂ ಎರಡು ಕೋಟು ಹೊಡೆದವರು ಅವರೇ ಎನ್ನುತ್ತಿದ್ದ. ಎಲ್ಲರೂ ಗೊಳ್ಳೆಂದು ನಗುತ್ತಿದ್ದರು. ಇವಳು ಮೈಯೆಲ್ಲ ಉರಿದುಹೋಗಿ ಜಗಳಕ್ಕೆ ನಿಲ್ಲುತ್ತಿದ್ದಳು. ಯಾರ ಪರವಾಗಿ ಜಗಳವೋ ಆ ಮಹಾರಾಯ ಮಾತ್ರ ತಮ್ಮನ ಪಕ್ಕದಲ್ಲೇ ಕೂತು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಇಷ್ಟೇ ಆಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಆದರೆ ಈಚೆಗೆ ಅವಳೊಳಗೇ ಒಂದು ಹುಳ ಹೊಕ್ಕಿತ್ತು. ಗಂಡ ಸುಳ್ಳುಗಾರನಲ್ಲ, ನಿಜ. ಆದರೆ ವಯಸ್ಸಿನಲ್ಲಿ ಹೆಂಡತಿಯ ಮುಂದೆ ಒಂದಿಷ್ಟು ಬಣ್ಣ ಹಚ್ಚಿ ಹೇಳಿ, ಆಮೇಲೆ ಇಲ್ಲವೆನ್ನಲು ಆಗದೆ ಸುಮ್ಮನಾಗಿದ್ದರೆ? ಅದಕ್ಕೇ ನಗುತ್ತಾನೋ? ಅದಕ್ಕೇ ಜಗಳಕ್ಕೆ ಬರುವುದಿಲ್ಲವೋ? ಇಷ್ಟು ವರ್ಷ ತಾನು ಊರೆಲ್ಲ ಹೊಡೆದಾಡಿದ್ದು ಗಾಳಿಗೋ? ಇದನ್ನು ಅವಳು ಗಂಡನಿಗಂತೂ ಕೇಳುವ ಹಾಗಿರಲಿಲ್ಲ. ಕೇಳಿದರೆ ಇವಳೂ ನಂಬಿಲ್ಲ ಎಂದಾಗುತ್ತದೆ. ಆ ಇನ್ನೊಬ್ಬನ ಬಾಯಿಂದಲೇ ಒಂದು ಸಲ ಹೌದು ಎನ್ನುವ ಮಾತು ಬಂದರೆ ಸಾಕು, ಉಳಿದ ಆಯುಷ್ಯ ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತೇನೆ ಎಂದುಕೊಂಡಿದ್ದಳು.

ಇನ್ನೂ ಹೊಟ್ಟೆ ಉರಿಸುವ ಸಂಗತಿಯೆಂದರೆ ಆ ಗಾಯಕನಿಗೆ ಇವಳ ಗಂಡನಿಗಿಂತ ದೊಡ್ಡ ಅಭಿಮಾನಿ ಭೂಮಿಯ ಮೇಲಿರಲಿಲ್ಲ. ಅವನ ಹಾಡುಗಳೆಲ್ಲ ಕಂಠಪಾಠ. ಹೊಸದು ಬಂದ ದಿನ ಕೆಲಸಕ್ಕೆ ತಡವಾಗಿ ಹೋಗುವಷ್ಟು ಹುಚ್ಚು. ಎಷ್ಟು ಚೆನ್ನಾಗಿ ಬರೆದಿದ್ದಾನೆ ನೋಡೇ ಎಂದು ಹೆಂಡತಿಗೆ ತೋರಿಸುವುದು ಬೇರೆ. ಮನೆಯ ಗೋಡೆಗೆ ಅವನ ಪೋಸ್ಟರು ಅಂಟಿಸಲಿಕ್ಕೂ ಹೊರಟಿದ್ದ, ಅವಳು ಬಿಡಲಿಲ್ಲ.

ಈಗ ಆ ಗಾಯಕನ ಕಾರ್ಯಕ್ರಮ ಇವರ ಊರಿಗೇ ಬಂದಿತ್ತು. ವೇದಿಕೆಯ ಹಿಂಬದಿಗೆ ಹೋಗಿ ಅವನನ್ನು ಕಾಣುವ ಪಾಸು ಕೊಡಿಸಿದ್ದು ಅದೇ ತಮ್ಮನ ಮಗಳು. ಅವಳಿಗೆ ಸಭಾಂಗಣದ ಆಫೀಸಿನಲ್ಲಿ ಕೆಲಸ, ಬಂದ ಅತಿಥಿಗಳನ್ನು ನೋಡಿಕೊಳ್ಳುವುದು. ಮಾವನಿಗೆ ಆ ಗಾಯಕನೆಂದರೆ ಪ್ರಾಣ ಎನ್ನುವುದು ಗೊತ್ತಿದ್ದು ತಾನಾಗಿಯೇ ಪಾಸು ತಂದಳು. ಕೊಡುವಾಗ ಅತ್ತೆಯನ್ನು ಒಂದು ಥರ ನೋಡಿ, ಅಲ್ಲಿ ಹಳೆಯ ಕತೆಯೆಲ್ಲ ತೆಗೆಯಬೇಡಿ ಅತ್ತೆ, ಫೋಟೋ ತೆಗೆಸಿಕೊಂಡು ಬಂದುಬಿಡಿ ಎಂದಳು. ಹಳೆಯ ಕತೆಯಂತೆ! ಅತ್ತೆ ತೋರಿಕೆಗೆ ಹೂಂ ಎಂದಳು, ಮನೆಯಲ್ಲಿ ಅವತ್ತೇ ಪಾಠ ಶುರು ಮಾಡಿದಳು.

ಕಾರ್ಯಕ್ರಮ ಭಾನುವಾರ ಮಧ್ಯಾಹ್ನ. ಗಂಡ ಬೆಳಗಿನಿಂದಲೇ ಉಗುರಿನ ಸಂದಿಯ ಬಣ್ಣವನ್ನು ಸೀಮೆಎಣ್ಣೆ ಹಚ್ಚಿ ಉಜ್ಜಿಕೊಂಡ. ಇಸ್ತ್ರಿ ಮಾಡಿದ ಅಂಗಿ ಹಾಕಿದರೂ ಹತ್ತಿರ ಬಂದರೆ ಸೀಮೆಎಣ್ಣೆಯ ವಾಸನೆ. ಬಸ್ಸಿನಲ್ಲಿ ಅವಳು ಇನ್ನೊಂದು ಸಲ ಮೂರು ಮಾತನ್ನೂ ಹೇಳಿಸಿದಳು. ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ. ಕಡ್ಡಿಗೆ ಈಗ ಹೊಟ್ಟೆ ಬಂದಿದೆ, ಫೋಟೋದಲ್ಲಿ ನೋಡಿದೆ ಎಂದು ಸಂತೋಷದಿಂದ ಸೇರಿಸಿದ. ಬರದೆ ಏನು, ಎರಡು ಜನರ ಅನ್ನ ಒಬ್ಬನೇ ತಿಂದರೆ ಹೊಟ್ಟೆ ಬರುತ್ತದೆ ಎಂದು ಅವಳು ಅಂದದ್ದು ಎಂಜಿನ್ನಿನ ಸದ್ದಿನಲ್ಲಿ ಕರಗಿಹೋಯಿತು.

ಸಭಾಂಗಣ ಕಿಕ್ಕಿರಿದಿತ್ತು. ಕಡ್ಡಿ, ಅಂದರೆ ಈಗ ಕಡ್ಡಿ ಎನ್ನುವ ಹಾಗಿಲ್ಲದ ಆ ಗಾಯಕ, ಗಿಟಾರು ಹಿಡಿದು ಬಂದಾಗ ಕಿವಿ ಗಡಚಿಕ್ಕುವ ಕೂಗು. ಚೆನ್ನಾಗಿ ಹಾಡಿದ, ಇಲ್ಲವೆನ್ನಬಾರದು. ಅವಳಿಗೆ ಸಿಟ್ಟು ಬಂದದ್ದೇ ಅದಕ್ಕೆ. ಕೆಟ್ಟದಾಗಿ ಹಾಡಿದ್ದರೆ ಬೈದು ಹಗುರಾಗಬಹುದಿತ್ತು.

ಕೊನೆಗೆ ಆ ಹಾಡು ಬಂತು. ವಾದ್ಯಗಳೆಲ್ಲ ನಿಂತವು. "ಯಾರ ಮನೆಯೋ, ಯಾರ ಗೋಡೆಯೋ" ಎಂದು ಗಾಯಕ ಎಳೆದ. ಎಳೆದು ಮೈಕನ್ನು ಜನರ ಕಡೆ ಚಾಚಿದ. ಇಡೀ ಸಭಾಂಗಣ ಒಂದೇ ಬಾಯಾಗಿ "ಬಣ್ಣ ಮಾತ್ರ ನಮ್ಮದೋ" ಎಂದಿತು. ಅವಳ ಮೈ ಜುಮ್ಮೆಂದಿತು. ಸಾವಿರಾರು ಜನ ಹಾಡುತ್ತಿರುವುದು ತನ್ನ ಗಂಡನ ಸಾಲನ್ನು! ಹಾಡುವವರಿಗೆ ಗೊತ್ತಿಲ್ಲ, ಹಾಡಿಸುವವನು ಹೇಳುವುದಿಲ್ಲ. ತಿರುಗಿ ನೋಡಿದರೆ ಗಂಡ ಕಣ್ಣು ಮುಚ್ಚಿಕೊಂಡು, ಆ ಸಾವಿರದಲ್ಲಿ ತಾನೂ ಒಬ್ಬನಾಗಿ, ಹಬ್ಬದೂಟ ಉಂಡವನ ಮುಖ ಮಾಡಿಕೊಂಡು ಹಾಡುತ್ತಿದ್ದ. ಕೊನೆಯ 'ನಮ್ಮದೋ' ಎನ್ನುವುದನ್ನು ಎಲ್ಲರಿಗಿಂತ ಒಂದಿಷ್ಟು ಉದ್ದಕ್ಕೆ ಎಳೆಯುತ್ತಿದ್ದ.

ಆ ಕಡೆಯ ಸೀಟಿನಲ್ಲಿದ್ದ ಕಾಲೇಜು ಹುಡುಗಿ ಅವನ ತೋಳು ಮುಟ್ಟಿ, ಪಾಪ ಒಳ್ಳೆಯ ಮಾತಿನಲ್ಲೇ, ಅಂಕಲ್ ಅಲ್ಲಿ ಅಷ್ಟು ಎಳೆಯಬಾರದು, ಬೇಗ ಬಿಡಬೇಕು, ಆಗಲೇ ಸರಿಹೋಗುವುದು ಎಂದಳು. ಗಂಡ ಹೌದಾ ಮಗು ಎಂದ. ಮುಂದಿನ ಸಲ ಅವಳು ಹೇಳಿಕೊಟ್ಟ ಹಾಗೇ ಬೇಗ ಬಿಟ್ಟ. ಹುಡುಗಿ ಹೆಬ್ಬೆಟ್ಟು ಎತ್ತಿ ಮೆಚ್ಚಿಗೆ ತೋರಿಸಿದಳು. ಹೆಂಡತಿಗೆ ಎದ್ದು ಹೋಗಿ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಹಾಡು ಮುಗಿದ ಮೇಲೆ ತಮ್ಮನ ಮಗಳು ಬಂದು ಇವರನ್ನು ಹಿಂಬದಿಯ ಓಣಿಗೆ ಕರೆದುಕೊಂಡು ಹೋದಳು. ಅಲ್ಲಿ ಉದ್ದಕ್ಕೆ ಸಾಲು. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಮ್ಯಾನೇಜರ್ ಅತ್ತಿಂದಿತ್ತ ಓಡಾಡುತ್ತ, ಒಳಗೆ ಹೋಗಿ, ನಮಸ್ಕಾರ ಹೇಳಿ, ಫೋಟೋ ತೆಗೆಸಿಕೊಳ್ಳಿ, ಬನ್ನಿ, ಅಷ್ಟೇ, ಮಾತು ಬೆಳೆಸಬೇಡಿ, ಅವರಿಗೆ ಗಂಟಲು ನೋವು ಎಂದು ಎಲ್ಲರಿಗೂ ಹೇಳುತ್ತಿದ್ದ. ಹೆಂಡತಿ ಮನಸ್ಸಿನಲ್ಲೇ ಮೂರು ಮಾತನ್ನು ಇನ್ನೂ ಚಿಕ್ಕದಾಗಿ ಕತ್ತರಿಸಿದಳು. ಗಂಡನಿಗೆ ಹೇಳೋಣವೆಂದು ತಿರುಗಿದರೆ ಅವನು ಓಣಿಯ ಗೋಡೆಗೆ ಮುಖ ಹತ್ತಿಸಿಕೊಂಡು, ಗೆರೆ ಬಿಟ್ಟಿದ್ದಾರೆ ನೋಡೇ, ಯಾವನೋ ಒಬ್ಬನೇ ಹೊಡೆದಿರಬೇಕು ಎಂದು ಬೆರಳಾಡಿಸುತ್ತಿದ್ದ.

"ಗೋಡೆ ಹಾಳಾಗಿ ಹೋಗ್ಲಿ," ಎಂದಳು ಅವಳು. "ಮಾತು ಜ್ಞಾಪಕ ಇದೆ ತಾನೆ?"

ಇದೆ ಇದೆ ಎಂದ. ಹಣೆ ಬೆವರಿತ್ತು.

ಒಳಗಿನ ಕೋಣೆ ಅಷ್ಟೇನೂ ದೊಡ್ಡದಲ್ಲ. ಒಂದು ಸೋಫಾ, ಸುತ್ತ ಬಲ್ಬುಗಳಿದ್ದ ಕನ್ನಡಿ, ಅರ್ಧ ಕುಡಿದ ನೀರಿನ ಬಾಟಲಿಗಳು. ಒಂದು ಗೋಡೆಯುದ್ದಕ್ಕೂ ಬಿಳಿ ಬಟ್ಟೆ ಬಿಗಿದಿದ್ದರು. ಬಂದ ಅಭಿಮಾನಿಗಳೆಲ್ಲ ಅದರ ಮೇಲೆ ಒಂದೊಂದು ಮಾತು ಬರೆದು ಹೋಗಬೇಕು, ಗಾಯಕ ಊರಿಂದೂರಿಗೆ ಅಂಥ ಬಟ್ಟೆಗಳನ್ನು ಕೂಡಿಡುತ್ತಾನಂತೆ. ದಪ್ಪನೆಯ ಮಾರ್ಕರ್ ಪೆನ್ನನ್ನು ಅವನೇ ಒಬ್ಬೊಬ್ಬರ ಕೈಗೂ ಕೊಡುತ್ತಿದ್ದ. ಕುತ್ತಿಗೆಗೆ ಟವೆಲು, ಕಣ್ಣಿನ ಕೆಳಗೆ ಚೀಲ, ಹೊಟ್ಟೆಯ ಮೇಲೆ ಬಿಗಿಯಾದ ಗುಂಡಿಗಳು. ವೇದಿಕೆಯ ಮೇಲಿನ ಮನುಷ್ಯ ಬೇರೆ, ಇವನು ಬೇರೆ ಎನ್ನುವ ಹಾಗಿದ್ದ. ಇವರ ಮುಂದಿದ್ದ ಹೆಂಗಸು ಅತ್ತಳು. ಅವನು ಅವಳ ಹೆಗಲು ತಟ್ಟಿ, ಪೆನ್ನು ಬಲಗೈಗಿಟ್ಟು, ಬರೆಸಿ ಕಳಿಸಿದ. ಅದರಲ್ಲೂ ಅವನಿಗೆ ಒಳ್ಳೆಯ ರೂಢಿಯಿತ್ತು.

ಇವರ ಸರದಿ ಬಂತು. ಗಂಡ ಎರಡು ಹೆಜ್ಜೆ ಮುಂದೆ ಹೋಗಿ ಕೈಮುಗಿದು ನಿಂತ. ಹಿಂದೆ ಬಾಗಿಲಲ್ಲಿ ಜನ ಇಣುಕುತ್ತಿದ್ದರು.

"ತುಂಬ ಚೆನ್ನಾಗಿತ್ತು ಸರ್," ಎಂದ.

ಮುಗಿಯಿತು. ಅವಳು ಕಾದಳು. ಮುಂದೆ ಒಂದಕ್ಷರ ಬರಲಿಲ್ಲ. ಒಂದೇ ಬುತ್ತಿಯಲ್ಲಿ ಕೈಹಾಕಿ ಉಂಡವನಿಗೆ ಸರ್ ಅಂತೆ! ಹಿಂದಿನಿಂದ ಅಂಗಿ ಜಗ್ಗಿದಳು. ಅವನು ಇನ್ನೊಂದು ಸಲ ಕೈಮುಗಿದ. ಒಂದು ವಾರದ ಪಾಠ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಮ್ಯಾನೇಜರ್ ಆಗಲೇ ಮುಂದಿನವರಿಗೆ ಕೈಸನ್ನೆ ಮಾಡುತ್ತಿದ್ದ. ಇನ್ನು ಸುಮ್ಮನಿದ್ದರೆ ಈ ಜನ್ಮದಲ್ಲಿ ಆಗುವುದಿಲ್ಲ ಎಂದುಕೊಂಡು ಅವಳೇ ಬಾಯಿ ತೆಗೆದಳು. ಇವರ ಗುರುತು ಸಿಗಲಿಲ್ಲವೇ ಎಂದು ಕೇಳಿದಳು. ಹಲಗೆಯ ವಿಷಯ ಹೇಳಿದಳು. ನೀವು ಬಲತುದಿಗೆ ಕೂರುತ್ತಿದ್ದಿರಿ, ಇವರು ಎಡತುದಿಗೆ, ಜನರ ಕೈಲಿ ಹಾಡಿಸುತ್ತೀರಲ್ಲ ಆ ಸಾಲುಗಳೆಲ್ಲ ಇವರವು, ನಮಗೆ ಏನೂ ಬೇಡ, ಒಂದು ಸಲ ಹೌದು ಅಂತ ಹೇಳಿ ಸಾಕು ಎಂದಳು.

ತಮ್ಮನ ಮಗಳು "ಅತ್ತೆ" ಎಂದಳು, ಹಲ್ಲು ಕಚ್ಚಿ. ಮ್ಯಾನೇಜರ್ ನಡುವೆ ಬಂದ. ಗಾಯಕ ಅವನನ್ನು ಕೈಯೆತ್ತಿ ತಡೆದು, ಪೋಸ್ಟರಿನಲ್ಲಿ ನಗುವ ಹಾಗೇ ನಕ್ಕ.

"ತಪ್ಪು ತಿಳ್ಕೋಬೇಡಿ ಅಮ್ಮ," ಎಂದ. "ಆ ಹಾಡು ನಮ್ಮದು ಅಂತ ಹೋದ ಕಡೆಯೆಲ್ಲ ಯಾರಾದ್ರೂ ಒಬ್ರು ಬರ್ತಾರೆ. ಒಂದು ಕಡೆ ಡ್ರೈವರ್ ಒಬ್ರು ಬಂದಿದ್ರು, ಇನ್ನೊಂದು ಕಡೆ ಮೇಷ್ಟ್ರು. ಜನಕ್ಕೆ ಹಾಡು ಅಷ್ಟು ಹತ್ತಿರ ಆಗಿದೆಯಲ್ಲ ಅಂತ ನನಗೆ ಸಂತೋಷಾನೇ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಷ್ಟು ಮೆತ್ತಗೆ ಮಾತಾಡಿದರೆ ಏನು ಮಾಡುವುದು? ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಅಷ್ಟಕ್ಕೇ ಬಿಡದೆ ಗಾಯಕ ಅವಳ ಗಂಡನ ಕಡೆ ತಿರುಗಿದ.

"ನೀವೇ ಹೇಳಿ. ನಾವಿಬ್ರೂ ಒಟ್ಟಿಗೆ ಕೆಲಸ ಮಾಡಿದ್ವಾ?"

ಇಷ್ಟು ವರ್ಷದ ಜಗಳವೆಲ್ಲ ಬಂದು ಆ ಒಂದು ಪ್ರಶ್ನೆಯಲ್ಲಿ ನಿಂತಿತ್ತು. ಮೂರು ಮಾತು ಬೇಡ, ಮೂರಕ್ಷರವೂ ಬೇಡ, ಹೂಂ ಎಂದರೆ ಸಾಕಾಗಿತ್ತು. ಗಂಡ ಗಾಯಕನ ಮುಖವನ್ನೇ ನೋಡಿದ. ಆಮೇಲೆ ಬಾಗಿಲ ಬಳಿಯ ಜನರನ್ನು ನೋಡಿದ. ಹೆಂಡತಿಯನ್ನು ಮಾತ್ರ ನೋಡಲಿಲ್ಲ.

"ಇಲ್ಲ ಸರ್," ಎಂದ. "ಇವಳಿಗೇನೋ ತಪ್ಪು ತಿಳುವಳಿಕೆ."

ಹಾಗಾದರೆ ಸುಳ್ಳೇ! ಒಳಗಿದ್ದ ಹುಳ ಹೇಳುತ್ತಿದ್ದದ್ದೇ ನಿಜ. ಕೌಂಟರಿನ ಹೌದಾಗಳು, ಕಾಮನಬಿಲ್ಲಿನ ಎರಡು ಕೋಟು, ತಮ್ಮನ ನಗು, ಎಲ್ಲವೂ ಸರಿ, ಅವಳೊಬ್ಬಳೇ ಪೆದ್ದಿ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಗಾಯಕ ಉಸಿರು ಬಿಟ್ಟದ್ದು ಕಂಡಿತು. ಇರಲಿ ಬಿಡಿ, ಪರವಾಗಿಲ್ಲ, ನೀವೂ ಒಂದು ಮಾತು ಬರೆದು ಹೋಗಿ ಎನ್ನುತ್ತ ಅವನು ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡ. ಆಗಲೇ ಬಾಗಿಲಲ್ಲಿದ್ದ ಮುಂದಿನವರ ಕಡೆ ನೋಡಿ ನಗುತ್ತಿದ್ದ.

ಗಂಡ ಮರ್ಯಾದೆಯಿಂದ ಬಲಗೈ ಚಾಚಿದ. ಪೆನ್ನು ಆ ಕೈಗೆ ಬರಲಿಲ್ಲ. ಗಾಯಕ ಅತ್ತ ನೋಡುತ್ತಲೇ ಬೆರಳಿನಲ್ಲಿ ಪೆನ್ನನ್ನು ತಿರುಗಿಸಿ, ಮೊನೆ ತನ್ನ ಕಡೆ ಮಾಡಿಕೊಂಡು, ಚಾಚಿದ ಬಲಗೈಯನ್ನು ದಾಟಿಸಿ, ಪಕ್ಕಕ್ಕೆ ಇಳಿಬಿದ್ದಿದ್ದ ಎಡಗೈಯೊಳಗೆ ಅದರ ಹಿಡಿಯನ್ನು ಒತ್ತಿಟ್ಟ. ಪೇಂಟರುಗಳು ಒಬ್ಬರಿಗೊಬ್ಬರು ಬ್ರಷ್ಷು ದಾಟಿಸುವುದು ಹಾಗೆ. ಆ ಎಡಗೈಯೂ ನೋಡದೆಯೇ ತೆರೆದುಕೊಂಡು ನೋಡದೆಯೇ ಮುಚ್ಚಿತು.

ಆಮೇಲೆ ಗಾಯಕ ತಿರುಗಿದ. ತನ್ನ ಖಾಲಿ ಕೈ ನೋಡಿಕೊಂಡ. ಅವಳ ಗಂಡನ ಎಡಗೈ ನೋಡಿದ. ಕೊನೆಗೆ ತಲೆಯೆತ್ತಿ ಅವಳನ್ನು ನೋಡಿದ. ಈಗ ಅವನ ಮುಖದ ಮೇಲೆ ನಗುವಿರಲಿಲ್ಲ.

ಗಂಡ ಬಟ್ಟೆಯ ಮೇಲೆ "ಚೆನ್ನಾಗಿರಿ" ಎಂದು ಬರೆದು ಪೆನ್ನು ಮೇಜಿನ ಮೇಲಿಟ್ಟ. ಅವಳು ಬಾಯಿ ತೆಗೆಯುವುದರೊಳಗೆ ತಮ್ಮನ ಮಗಳು ಮೊಣಕೈ ಹಿಡಿದು ಹೊರಗೆ ಎಳೆದಿದ್ದಳು. ಬಾಗಿಲು ಮುಚ್ಚಿಕೊಂಡಿತು. ಓಣಿಯಲ್ಲಿ ಹುಡುಗಿ ಅಳುಮುಖ ಮಾಡಿಕೊಂಡು ನನ್ನ ಕೆಲಸದ ಜಾಗ ಅತ್ತೆ ಇದು, ಎಷ್ಟು ಹೇಳಿದ್ದೆ ನಿಮಗೆ ಎಂದಳು. ಅವನು ಎಡಗೈಗೆ ಕೊಟ್ಟ ಕಣೇ, ನೋಡಲಿಲ್ವಾ ಎಂದು ಇವಳು ಹೇಳಲು ಹೊರಟಳು. ಯಾವ ಎಡಗೈ ಎಂದಳು ಹುಡುಗಿ. ಆ ಪ್ರಶ್ನೆ ಕೇಳಿದ್ದೇ ಅವಳಿಗೆ ತನ್ನ ಮಾತು ಹೊರಗಿನವರಿಗೆ ಹೇಗೆ ಕೇಳಿಸುತ್ತದೆ ಎಂದು ಗೊತ್ತಾಯಿತು. ಎಡಗೈಗೆ ಪೆನ್ನು ಕೊಟ್ಟ, ಆದ್ದರಿಂದ ಹಾಡು ನಮ್ಮದು! ಹುಚ್ಚಾಸ್ಪತ್ರೆಗೆ ಸೇರಿಸುತ್ತಾರೆ. ಹುಡುಗಿ ಇಬ್ಬರನ್ನೂ ಹಿಂಬಾಗಿಲಿನಿಂದ ಬಿಟ್ಟು, ಆಮೇಲೆ ಮಾತಾಡೋಣ ಎಂದು ಹೋದಳು.

ಹೊರಗೆ ಇನ್ನೂ ಬೆಳಕಿತ್ತು. ಬಸ್ ಸ್ಟಾಪಿನ ಬೆಂಚಿನ ಮೇಲೆ ಇಬ್ಬರೂ ಕೂತರು. ರಸ್ತೆಯಾಚೆ ಕಾರ್ಯಕ್ರಮ ಮುಗಿಸಿ ಬಂದವರು ಗುಂಪು ಗುಂಪಾಗಿ ಹೋಗುತ್ತಿದ್ದರು. ಗಂಡ ತನ್ನಷ್ಟಕ್ಕೆ ನಗುತ್ತಿದ್ದ.

"ಮರೆತಿಲ್ಲ ಕಣೇ ಅವನು," ಎಂದ. "ನೋಡಿದ್ಯಾ? ಕೈ ಮರೆತಿಲ್ಲ."

ಅವಳಿಗೆ ಅಲ್ಲಿಯವರೆಗೆ ತಡೆದದ್ದೆಲ್ಲ ಒಟ್ಟಿಗೆ ಬಂತು. ನೋಡಿದೆ, ಚೆನ್ನಾಗಿ ನೋಡಿದೆ ಎಂದಳು. ಗೊತ್ತಿಲ್ಲದವನಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಗೊತ್ತಿದ್ದೂ ಇಲ್ಲವೆಂದನಲ್ಲ, ಅದೂ ನಕ್ಕು, ಅದೂ ಅಮ್ಮ ಎಂದು ಕರೆದು. ಅವನದು ಹಾಗಿರಲಿ, ನಿಮಗೇನು ಬಂದಿತ್ತು? ಬಾಯಲ್ಲಿ ಸುಣ್ಣ ತುಂಬಿಕೊಂಡಿದ್ದಿರಾ? ಕೇಳಿದನಲ್ಲ, ಬಾಯಿಬಿಟ್ಟು ಕೇಳಿದನಲ್ಲ, ಮಾಡಿದ್ವಾ ಅಂತ. ದೇವರೇ ಬಂದು ಏನು ಬೇಕು ಎಂದರೆ ಏನೂ ಬೇಡ ಎಂದು ಕಳಿಸುವ ಜಾತಿ ನಿಮ್ಮದು.

ಗಂಡನ ನಗು ನಿಂತಿತು. ಉಗುರಿನ ಸಂದಿಯಲ್ಲಿ ಉಳಿದಿದ್ದ ಬಣ್ಣ ಕೆರೆಯತೊಡಗಿದ.

"ಹೆದರಿಕೊಂಡಿದ್ದ ಕಣೇ," ಎಂದ. "ಮುಖ ನೋಡಿದ್ರೆ ಗೊತ್ತಾಯ್ತು. ಬಾಗಿಲಲ್ಲಿ ಅಷ್ಟು ಜನ ಇದ್ರು. ನಾನು ಹೂಂ ಅಂದಿದ್ರೆ ಅಷ್ಟೂ ಜನದ ಮುಂದೆ ಅವನು ಕಳ್ಳ ಆಗ್ತಿದ್ದ."

"ನಾನು ಆದ್ನಲ್ಲ," ಎಂದಳು ಅವಳು. "ಅದೇ ಜನದ ಮುಂದೆ ನಾನು ಸುಳ್ಳಿ ಆದೆ. ಅವನನ್ನ ಉಳಿಸೋಕೆ ನನ್ನನ್ನ ಕೊಟ್ರಿ."

ಅವನು ಬೆಚ್ಚಿ ನೋಡಿದ. ಆ ಲೆಕ್ಕ ಅವನ ತಲೆಗೆ ಹೊಳೆದೇ ಇರಲಿಲ್ಲ ಎನ್ನುವುದು ಮುಖದ ಮೇಲೆ ಎದ್ದು ಕಾಣುತ್ತಿತ್ತು. ಅದರಿಂದ ಅವಳಿಗೆ ಇನ್ನಷ್ಟು ಸಂಕಟವಾಯಿತು. ಬೇಕೆಂದು ಮಾಡಿದ್ದರೆ ಒಂದು ಬಗೆ. ಕಡ್ಡಿಯ ಮಾನ, ಜನರ ಮಾನ, ಬಾಗಿಲಲ್ಲಿ ನಿಂತವರ ಮಾನ, ಎಲ್ಲವನ್ನೂ ಯೋಚಿಸಿದ ಮನುಷ್ಯನಿಗೆ ಪಕ್ಕದಲ್ಲಿ ನಿಂತವಳು ನೆನಪಾಗಲಿಲ್ಲ. ಇವಳು ಅಷ್ಟು ಗಟ್ಟಿ ಎಂದುಕೊಂಡಿದ್ದಾನೋ, ಅಷ್ಟು ಅಗ್ಗ ಎಂದುಕೊಂಡಿದ್ದಾನೋ? ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಿಟ್ಟಿನ ನೀರು ಅದು, ಬೇರೆಯದಲ್ಲ.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ತಮ್ಮ. ಮಗಳು ಆಗಲೇ ವರದಿ ಒಪ್ಪಿಸಿರಬೇಕು, ಇಲ್ಲದಿದ್ದರೆ ಭಾನುವಾರ ಸಂಜೆ ಅಕ್ಕನ ನೆನಪಾಗುವವನಲ್ಲ ಅವನು. ಅವಳು ತೆಗೆಯಲಿಲ್ಲ. ನಿಂತು ಮತ್ತೆ ಹೊಡೆದುಕೊಂಡಿತು. ಮೂರನೇ ಸಲಕ್ಕೆ ಗಂಡ ಕೈ ಚಾಚಿ ಅವಳ ಮಡಿಲಿನಿಂದ ಫೋನು ಎತ್ತಿಕೊಂಡ.

ಅವನು ಫೋನಿನಲ್ಲಿ ಮಾತಾಡುವವನೇ ಅಲ್ಲ. ಹಲೋ ಎಂದು ಹೆಂಡತಿಯ ಕೈಗೆ ಕೊಡುವುದಷ್ಟೇ ಅವನಿಗೆ ಗೊತ್ತಿದ್ದದ್ದು. ಇವತ್ತು ಎದ್ದು ನಿಂತು, ಸ್ಪೀಕರು ಒತ್ತಿದನೋ ಕೈತಪ್ಪಿ ಒತ್ತಿತೋ, ತಮ್ಮನ ದನಿ ಬಸ್ ಸ್ಟಾಪಿಗೆಲ್ಲ ಕೇಳುವ ಹಾಗೆ ಮಾಡಿದ. ತಮ್ಮ ಏನಕ್ಕಾ ಇದು, ಅಲ್ಲಿಗೂ ಹೋಗಿ ಶುರು ಮಾಡಿದೆಯಂತೆ ಎಂದು ಶುರು ಮಾಡಿದ್ದ. ಗಂಡ ಮಧ್ಯೆ ಬಾಯಿ ಹಾಕಿದ.

"ನಾನು ಮಾತಾಡ್ತಿರೋದು. ನಿಮ್ಮಕ್ಕ ಹೇಳಿದ್ದೆಲ್ಲ ನಿಜ. ಇಷ್ಟು ವರ್ಷ ಹೇಳ್ತಾ ಬಂದದ್ದೂ ನಿಜ, ಇವತ್ತು ಅಲ್ಲಿ ಹೇಳಿದ್ದೂ ನಿಜ. ಅರ್ಧ ಹಾಡು ನಂದು. ಅಲ್ಲಿ ಸುಳ್ಳು ಹೇಳಿದ್ದು ನಾನು."

ಒಂದೇ ಉಸಿರಿಗೆ ಹೇಳಿದ. ಒಂದು ವಾರ ಬಾರದ ಮಾತು ತಡೆಯಿಲ್ಲದೆ ಬಂತು. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಹೇಳಬೇಕಾದ ಕಡೆ ಹೇಳದೆ ಇಲ್ಲಿ ಹೇಳುತ್ತಿದ್ದಾನೆ ಎನ್ನುವ ಸಿಟ್ಟು ಇತ್ತು. ಆದರೂ ಒಂದೊಂದು ಮಾತನ್ನೂ ಎಣಿಸಿಕೊಳ್ಳುತ್ತಿದ್ದಳು.

ಆ ಕಡೆ ತಮ್ಮ ನಕ್ಕ. ಕೆಟ್ಟ ನಗುವಲ್ಲ, ಮನೆಯವರೆಲ್ಲ ಇಷ್ಟಪಡುವ ಅವನ ಯಾವತ್ತಿನ ನಗುವೇ.

"ಆಯ್ತು ಬಿಡಿ ಬಾವ," ಎಂದ. "ಅಕ್ಕ ಪಕ್ಕದಲ್ಲೇ ನಿಂತು ಹೇಳಿಸ್ತಿದ್ದಾಳೆ ತಾನೆ? ನನಗೆ ಗೊತ್ತಾಗಲ್ವಾ."

ಇಲ್ಲ, ನಾನೇ ಹೇಳುತ್ತಿರುವುದು ಎಂದ ಗಂಡ. ಹೌದು ಹೌದು ಎಂದ ತಮ್ಮ. ಇಲ್ಲ, ಕೇಳು ಇಲ್ಲಿ, ಅವನು ಪೆನ್ನನ್ನು ನನ್ನ ಎಡಗೈಗೆ ಕೊಟ್ಟ, ನಾನು ಚಾಚಿದ್ದು ಬಲಗೈ ಎಂದ ಗಂಡ, ದನಿ ಏರಿತು. ತಮ್ಮ ಇನ್ನೂ ಜೋರಾಗಿ ನಕ್ಕು, ಇದನ್ನು ಮುಂದಿನ ಸಲ ಎಲ್ಲರೂ ಸೇರಿದಾಗ ಹೇಳಬೇಕು ಬಾವ, ಕಾಮನಬಿಲ್ಲಿಗಿಂತ ಚೆನ್ನಾಗಿದೆ ಎಂದ. ಹುಷಾರಾಗಿ ಮನೆ ಸೇರಿ ಎಂದು ಫೋನು ಇಟ್ಟ.

ಗಂಡ ಸದ್ದಿಲ್ಲದ ಫೋನನ್ನು ಹಿಡಿದುಕೊಂಡೇ ನಿಂತಿದ್ದ. ಕಿವಿಗಳು ಕೆಂಪಾಗಿದ್ದವು. ನಿಜ ಹೇಳಿದವನ ಮುಖಕ್ಕೇ ನಕ್ಕರೆ ಆ ಮುಖ ಹೇಗಾಗುತ್ತದೆ ಎಂದು ಅವಳು ಇಷ್ಟು ವರ್ಷ ಕನ್ನಡಿಯಲ್ಲಿ ಮಾತ್ರ ನೋಡಿದ್ದಳು. ಅವನು ಮೆಲ್ಲಗೆ ಬೆಂಚಿನ ಮೇಲೆ ಕೂತ.

"ನಿನಗೆ ಇಷ್ಟು ವರ್ಷ ಹೀಗೇ ಆಗ್ತಿತ್ತಾ?" ಎಂದು ಕೇಳಿದ.

"ಹೂಂ. ಹೀಗೇ," ಎಂದಳು ಅವಳು. "ಆಗ ನೀವು ಪಕ್ಕದಲ್ಲೇ ಕೂತು ನಗ್ತಿದ್ರಿ."